ಪ್ರಾಕ್ಟೀಸ್‌ನಲ್ಲಿ ಹುಲಿ, ಮ್ಯಾಚ್‌ನಲ್ಲಿ ಇಲಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಆಟ ಆಡುವ ಮಕ್ಕಳ ಅಪ್ಪ ಅಮ್ಮಂದಿರ ನಮ್ಮ ಗುಂಪಿಗೆ ಇವತ್ತು ಕ್ರೀಡಾ ಮನಶ್ಶಾಸ್ತ್ರಜ್ಞೆಯೊಬ್ಬರು ಬಂದಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮಾತ್ರ ಹಾಕಬೇಡಿ, ಕೈ ಮುಗಿಯುತ್ತೇನೆ.

ಈಜು ಹುಡುಗನ ಅಪ್ಪ: ಮೇಡಂ, ಮಗನಿಗೆ 11 ವರ್ಷ. 10,000 ಗಂಟೆ ಪ್ರಾಕ್ಟೀಸ್ ಮಾಡಿದರೆ ಯಾರು ಬೇಕಾದರೂ ಚಾಂಪಿಯನ್ ಅಂತ ಮೆಸೇಜ್ ಬಂದಿದೆ. ದಿನಕ್ಕೆ 4 ಗಂಟೆ ಅಂದರೆ ಸುಮಾರು 7 ವರ್ಷ. ಲೆಕ್ಕ ಸರಿ ತಾನೇ?

ಮೇಡಂ: ಲೆಕ್ಕ ಸರಿ, ಮೆಸೇಜ್ ತಪ್ಪು. ಆ ಸಂಖ್ಯೆ ಹುಟ್ಟಿದ್ದು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲಿನ ಒಂದು ಅಧ್ಯಯನದಿಂದ, 1993ರಲ್ಲಿ. ಅವರಲ್ಲಿ ತುಂಬಾ ಚೆನ್ನಾಗಿ ನುಡಿಸುವವರು 20ನೇ ವಯಸ್ಸಿಗೆ ಸರಾಸರಿ ಅಷ್ಟು ಅಭ್ಯಾಸ ಮಾಡಿದ್ದರು. ಸರಾಸರಿ ಸರ್. ಗ್ಯಾರಂಟಿ ಕಾರ್ಡ್ ಅಲ್ಲ.

ಶೂಟರ್ ಅಮ್ಮ, ಧಾರವಾಡ: ನಮಸ್ಕಾರ ಮೇಡಂ. ಮಗಳಿಗೆ 15. 10 ಮೀಟರ್ ಏರ್ ರೈಫಲ್, 60 ಶಾಟ್, ಒಂದು ಶಾಟ್‌ಗೆ ಹೆಚ್ಚೆಂದರೆ 10.9. ಪ್ರಾಕ್ಟೀಸ್‌ನಲ್ಲಿ 622, 624 ಹೊಡೆಯುತ್ತಾಳೆ. ಮ್ಯಾಚ್ ಅಂದರೆ 608. ಮೊದಲ ಹತ್ತು ಶಾಟ್ ಚೆನ್ನಾಗಿರುತ್ತೆ. ಒಂದು 9.2 ಬಿತ್ತೋ, ಮುಗಿಯಿತು. ಗನ್ ಎತ್ತುತ್ತಾಳೆ, ಇಳಿಸುತ್ತಾಳೆ, ಅಂಗೈ ಒರೆಸಿಕೊಳ್ಳುತ್ತಾಳೆ, ತಿರುಗಿ ನನ್ನ ಮುಖ ನೋಡುತ್ತಾಳೆ. ಹೋದ ವಾರ ಅಂದಳು, “ಅಮ್ಮಾ, ನನ್ನ ಬೆರಳು ಯಾರದ್ದೋ ಬೆರಳಿನ ಹಾಗಿದೆ.”

ಮೇಡಂ: ಆ ಬೆರಳಿನ ಮಾತನ್ನು ಎರಡು ಸಲ ಓದಿದೆ. ಎಷ್ಟು ಚೆನ್ನಾಗಿ ಹೇಳಿದ್ದಾಳೆ! ಟ್ರಿಗರ್ ಒತ್ತುವುದು ಅವಳ ಕೈಗೆ ಕೂತ ವಿದ್ಯೆ. ಹೆದರಿಕೆ ಬಂದಾಗ ಅವಳು ಆ ಬೆರಳಿಗೆ ಕಾವಲು ಕೂರುತ್ತಾಳೆ. ಮೆಟ್ಟಿಲು ಇಳಿಯುವಾಗ ಕಾಲು ಹೇಗೆ ಇಡಬೇಕು ಅಂತ ಯೋಚಿಸಿ ನೋಡಿ, ಎಡವುತ್ತೀರಿ. ಇದೂ ಹಾಗೇ.

ಸೆಲ್ಫ್ ಅವೇರ್‌ನೆಸ್ ಅಂದರೆ ಸದಾ ತನ್ನನ್ನೇ ನೋಡಿಕೊಳ್ಳುವುದು ಅಂತ ಎಲ್ಲರೂ ತಿಳಿದಿದ್ದಾರೆ. ದೊಡ್ಡ ಆಟಗಾರರು ಆ ಕೆಲಸವನ್ನು ಆಟಕ್ಕೆ ಮುಂಚೆ ಮಾಡುತ್ತಾರೆ, ಇಲ್ಲವೇ ಆಮೇಲೆ. ಆಡುವಾಗ ಕಣ್ಣು ಗುರಿ ಮೇಲೆ. 2008ರ ಬೀಜಿಂಗ್ ಒಲಿಂಪಿಕ್ಸ್ ನೆನಪಿದೆಯಾ? ಅಭಿನವ್ ಬಿಂದ್ರಾ ನಾಲ್ಕನೆಯವರಾಗಿ ಫೈನಲ್‌ಗೆ ಬಂದರು. ಶುರುವಿಗೆ ಮುಂಚೆ ಗುರಿ ಸರಿಯಿದೆಯಾ ಅಂತ ನೋಡಲು ಹೊಡೆದ ಶಾಟ್ ನಾಲ್ಕು ಚಿಲ್ಲರೆಗೆ ಬಿತ್ತು. ಅಂಥವರ ಕೈಯಲ್ಲಿ ನಾಲ್ಕು! ನನಗೇನಾಯಿತು ಅಂತ ಅವರು ಕೂರಲಿಲ್ಲ. ತನ್ನ ತಪ್ಪಲ್ಲ, ರೈಫಲ್‌ನ ಗುರಿ ನೋಡುವ ಸೈಟ್ ಅಲುಗಿದೆ ಅಂತ ಗುರುತಿಸಿದರು, ಸರಿ ಮಾಡಿಕೊಂಡರು. ಕೊನೆಯ ಶಾಟ್ 10.8, ಚಿನ್ನ.

ಮಗಳಿಗೆ ಒಂದು ಅಭ್ಯಾಸ ಹೇಳಿ. ಶಾಟ್ ಬಿಟ್ಟ ತಕ್ಷಣ ಮಾನಿಟರ್ ನೋಡುವ ಮುಂಚೆ ಎಲ್ಲಿ ಬಿತ್ತು ಅಂತ ಮನಸ್ಸಲ್ಲೇ ಹೇಳಿಕೊಳ್ಳಲಿ, “ಎಡಕ್ಕೆ, ಸ್ವಲ್ಪ ಕೆಳಗೆ” ಅಂತ. ಆಮೇಲೆ ನೋಡಲಿ. ತಿಂಗಳಲ್ಲಿ ಅವಳ ಊಹೆ, ಮಾನಿಟರ್ ಎರಡೂ ಹತ್ತಿರ ಬರುತ್ತವೆ. ಆಗ 9.2 ಬಂದರೂ ಯಾಕೆ ಅಂತ ಗೊತ್ತಿರುತ್ತೆ. ಇನ್ನೊಂದು: ಮುಂದಿನ ಮ್ಯಾಚ್‌ಗೆ ನೀವು ಹೊರಗೆ ಹೋಗಿ ಟೀ ಕುಡಿಯಿರಿ. ಅವಳು ಸ್ಕೋರ್ ಓದುತ್ತಿರುವುದು ಮಾನಿಟರ್‌ನಲ್ಲಿ ಅಲ್ಲ, ನಿಮ್ಮ ಮುಖದಲ್ಲಿ.

ಟೆನಿಸ್ ಅಮ್ಮ: ಒಂದು ತಪ್ಪಾದರೆ ಮಗ ಮರೆಯುವುದೇ ಇಲ್ಲ ಮೇಡಂ. ಏನು ಮಾಡಲಿ?

ಮೇಡಂ: ಫೆಡರರ್ ಆಡಿದ ಸಿಂಗಲ್ಸ್ ಪಂದ್ಯ 1,526. ಹತ್ತಿರ ಹತ್ತಿರ ಶೇ. 80 ಗೆದ್ದರು. ಗೆದ್ದ ಪಾಯಿಂಟ್ ಮಾತ್ರ ಶೇ. 54. ಅಂದರೆ ಹೆಚ್ಚುಕಡಿಮೆ ಅರ್ಧ ಪಾಯಿಂಟ್ ಸೋತು, ಮರೆತು, ಮುಂದಿನದ್ದು ಆಡಿದರು. ಇದನ್ನು ಮಗನಿಗೆ ಓದಿ ಹೇಳಿ.

ಷಟಲ್ ಅಪ್ಪ: ಮೇಡಂ, ತಪ್ಪಾದ ಮೇಲೆ ಮರೆಯುವುದು ಹೇಗೆ?

ಮೇಡಂ: ಮೇಲೆ ನೋಡಿ.

ಹಳೇ ಕಬಡ್ಡಿ ಆಟಗಾರ: ನಮ್ಮ ಕಾಲದಲ್ಲಿ ಯಾವ ಸೈಕಾಲಜಿ ಇತ್ತು? ಈಗಿನವರಿಗೆ ಎಲ್ಲದಕ್ಕೂ ನೆಪ. ಆ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಧ್ಯದಲ್ಲೇ ಬಿಟ್ಟು ಹೋದಳಲ್ಲ.

ಜಿಮ್ನಾಸ್ಟ್ ಅಕ್ಕ: ಗಾಳಿಯಲ್ಲಿ ತಿರುಗುವಾಗ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗದೆ ಹೋದರೆ ಕುತ್ತಿಗೆ ಮುರಿಯುತ್ತೆ ಅಣ್ಣ. ಅದು ಗೊತ್ತಾಗಿ ನಿಂತಳು. ಅದೇ ಟೋಕಿಯೊದಲ್ಲಿ ವಾಪಸ್ ಬಂದು ಬೀಮ್‌ನಲ್ಲಿ ಕಂಚು ತಗೊಂಡಳು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ಎಣಿಸಿಕೊಳ್ಳಿ.

ಹಳೇ ಕಬಡ್ಡಿ ಆಟಗಾರ: ನಾನು ಮಂಡಿ ಚಿಪ್ಪು ಜಾರಿದಾಗಲೂ ಆಡಿದ್ದೇನೆ.

ಜಿಮ್ನಾಸ್ಟ್ ಅಕ್ಕ: ಈಗ ಮೆಟ್ಟಿಲು ಹತ್ತುತ್ತೀರಾ?

ಕ್ರಿಕೆಟ್ ಮಾವ: ಜಗಳ ಬಿಡಿ. ನಮ್ಮ ದ್ರಾವಿಡ್ ತರಹ ತನ್ನನ್ನು ತಾನು ಪೂರ್ತಿ ಬಲ್ಲವನಾದರೆ ಸಾಕು.

ಮೇಡಂ: ಪೂರ್ತಿ ಯಾರೂ ಬಲ್ಲವರಲ್ಲ ಸರ್. 2011ರ ಎಜ್‌ಬಾಸ್ಟನ್ ಟೆಸ್ಟ್. ಆಂಡರ್ಸನ್ ಬಾಲ್, ಟಕ್ ಅಂತ ಶಬ್ದ, ಕ್ಯಾಚ್, ಔಟ್ ಕೊಟ್ಟರು. ದ್ರಾವಿಡ್ ರಿವ್ಯೂ ಕೇಳದೆ ನಡೆದರು. ಆಮೇಲೆ ರೀಪ್ಲೇ ನೋಡಿದರೆ ಬ್ಯಾಟ್‌ಗೆ ತಾಗಿದ್ದು ಶೂ ಲೇಸಿನ ತುದಿ! ಆ ಸರಣಿಯಲ್ಲಿ ಮೂರು ಶತಕ ಹೊಡೆದವರಿಗೇ ತನ್ನ ಬ್ಯಾಟ್‌ಗೆ ಏನು ತಾಗಿತು ಅಂತ ಗೊತ್ತಾಗಲಿಲ್ಲ.

ಕ್ರಿಕೆಟ್ ಮಾವ: ಆದರೂ ಕೊಹ್ಲಿ ಆಗಿದ್ದರೆ ರಿವ್ಯೂ ತಗೋತಿದ್ದ.

ಷಟಲ್ ಅಪ್ಪ: ಕೊಹ್ಲಿನ ಇಲ್ಲಿಗೆ ಯಾಕೆ ತರುತ್ತೀರಿ?

ಹೆಸರಿಲ್ಲದ ಸದಸ್ಯೆ: ಮೇಡಂ, ಸೋತರೆ ಕೋಚ್ ಹೊಡೆಯುತ್ತಾರೆ. ಮಗಳು ಹೇಳಬೇಡ ಅಂತಾಳೆ. ಇದಕ್ಕೆ ಏನು ಮಾಡಬೇಕು?

ಕ್ರಿಕೆಟ್ ಮಾವ: ಕೊಹ್ಲಿ ಬಗ್ಗೆ ಮಾತಾಡಿದರೆ ನಿಮಗೇನು ಕಷ್ಟ?

ಟೆನಿಸ್ ಅಮ್ಮ: ರಾತ್ರಿ ಆಲ್ಫಾ ತರಂಗದ ಆಡಿಯೊ ಕೇಳಿಸಿದರೆ 21 ದಿನದಲ್ಲಿ ಗೆಲ್ಲುವ ಮನಸ್ಸು ಬರುತ್ತೆ ಅಂತ ಫಾರ್ವರ್ಡ್...

ಮೇಡಂ: ಬರಲ್ಲ. ಮಗು ಮಲಗಲಿ ಬಿಡಿ.

ಶೂಟರ್ ಅಮ್ಮ, ಧಾರವಾಡ: ಮೇಡಂ, ಒಂದು ಹೇಳುವುದು ಮರೆತೆ. ಹೋದ ತಿಂಗಳು ಈ ಗುಂಪಲ್ಲೇ ಕೈ ನಡುಕದ ಮಾತ್ರೆ ಅಂತ ಬಂದಿತ್ತಲ್ಲ, ನಮ್ಮ ಮೈದುನ ತಂದುಕೊಟ್ಟ. ಎರಡು ಮ್ಯಾಚ್‌ಗೆ ಅರ್ಧರ್ಧ ಕೊಟ್ಟೆ. ಪ್ರೊಪ್ರನಲಾಲ್ ಅಂತ ಬರೆದಿದೆ. ಚಿಕ್ಕವಳಿದ್ದಾಗ ಉಬ್ಬಸ ಇತ್ತು, ತೊಂದರೆ ಇಲ್ಲ ಅಲ್ವಾ?

ಮೇಡಂ: ಇದೆ. ಉಳಿದವರು ಸ್ವಲ್ಪ ಸುಮ್ಮನಿರಿ. ಇನ್ನು ಒಂದು ಚೂರೂ ಕೊಡಬೇಡಿ. ಅದು ಬೀಟಾ ಬ್ಲಾಕರ್. ಎದೆಬಡಿತ ನಿಧಾನ ಮಾಡುತ್ತೆ, ನಡುಕ ತಗ್ಗಿಸುತ್ತೆ. ಅದಕ್ಕೇ ಶೂಟಿಂಗ್ ಮತ್ತು ಆರ್ಚರಿಯಲ್ಲಿ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ನಿಷೇಧಿಸಿದೆ, ಮ್ಯಾಚ್ ಇರಲಿ, ಇಲ್ಲದಿರಲಿ. ಅದೇ ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಇದೇ ಔಷಧಿಗೆ ಸಿಕ್ಕಿಬಿದ್ದು ಒಂದು ಬೆಳ್ಳಿ, ಒಂದು ಕಂಚು ವಾಪಸ್ ಕೊಟ್ಟರು. ಪದಕ ಹಾಳಾಗಿ ಹೋಗಲಿ, ಉಬ್ಬಸ ಇದ್ದವರಿಗೆ ಇದು ಉಸಿರಿಗೇ ಕುತ್ತು. ನಾನು ಮಾತ್ರೆ ಬರೆಯುವ ಡಾಕ್ಟರಲ್ಲ. ನಾಳೆ ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಹೋಗಿ, ಕೊಟ್ಟಿದ್ದನ್ನು ಮುಚ್ಚಿಡಬೇಡಿ. ಇವತ್ತು ರಾತ್ರಿ ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕೋಚ್‌ಗೂ ಹೇಳಿ. ಮುಂದೆ ಕೆಮ್ಮಿನ ಸಿರಪ್ ಆದರೂ ನಾಡಾದ (ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ) ‘ನೋ ಯುವರ್ ಮೆಡಿಸಿನ್’ ಆಪ್‌ನಲ್ಲಿ ನೋಡಿಯೇ ಕೊಡಿ.

ಅಡ್ಮಿನ್: ಆ ಫಾರ್ವರ್ಡ್ ಹಾಕಿದವರು ಯಾರು?

(ಒಂದು ಮೆಸೇಜ್ ಅಳಿಸಲಾಗಿದೆ)

ಜಿಮ್ನಾಸ್ಟ್ ಅಕ್ಕ: ಕಬಡ್ಡಿ ಅಣ್ಣ, ಅಳಿಸಿದ್ದು ನೀವೇ ತಾನೇ?

ಹಳೇ ಕಬಡ್ಡಿ ಆಟಗಾರ: ಒಳ್ಳೆಯದಾಗಲಿ ಅಂತ ಹಾಕಿದ್ದೆ.

ಶೂಟರ್ ಅಮ್ಮ, ಧಾರವಾಡ: ಮಗಳಿಗೆ ಈಗಲೇ ಹೇಳಿದೆ ಮೇಡಂ. “ಅದಕ್ಕೇನಾ ನನ್ನ ಬೆರಳು ಹಾಗಾಗಿದ್ದು?” ಅಂದಳು.

ಮೇಡಂ: ಬೆರಳು ಹಾಗೆ ಅನ್ನಿಸಿದ್ದು ಮಾತ್ರೆಗೆ ಮುಂಚೆಯಾ, ಆಮೇಲೆಯಾ? ಕೇಳಿ ಹೇಳಿ. ಆಮೇಲೆ ಅಂದರೆ ನಾನು ಮೇಲೆ ಬರೆದದ್ದರಲ್ಲಿ ಅರ್ಧ ತಿದ್ದಬೇಕು.

ಷಟಲ್ ಅಪ್ಪ: ಮೇಡಂ, ಬ್ರಾಹ್ಮಿ ಲೇಹ್ಯ ಕೊಡಬಹುದಾ?