ಆಗಮನ ಕಾಲದಿಂದ ಒಂದು ವರ್ಷ ದೈವಶಾಸ್ತ್ರ ಓದಬೇಕು, ಮಾಡಿದವರು ಅನುಭವ ಹೇಳಿ

ಶಿವಮೊಗ್ಗದ ನರ್ಸ್: 2026ರ ನವೆಂಬರ್ 29ಕ್ಕೆ ಆಗಮನ ಕಾಲ (ಅಡ್ವೆಂಟ್, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ) ಶುರು. ಆವತ್ತಿಂದಲೇ ಚರ್ಚಿನ ಹೊಸ ವರ್ಷ. ಈ ಸಲ ಆ ಸಭಾ ವರ್ಷದ ಜೊತೆಜೊತೆಗೇ ದೈವಶಾಸ್ತ್ರ ಓದಿ, ದಿನಾ ನಾಲ್ಕು ಸಾಲು ಬರೆದಿಡಬೇಕು ಅಂತ ಆಸೆ. ನೈಟ್ ಡ್ಯೂಟಿ ನಡುವೆ ಇಪ್ಪತ್ತು ನಿಮಿಷ ಸಿಗುತ್ತೆ. ಎಲ್ಲಿಂದ ಶುರು ಮಾಡಲಿ?

ಧಾರವಾಡದ ನಿವೃತ್ತ: ನಾನು ಸ್ವಿಸ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರ ‘ಚರ್ಚ್ ಡಾಗ್ಮ್ಯಾಟಿಕ್ಸ್’ ಹಿಡಿದೆ. 14 ಸಂಪುಟ. ಹಳೇ ಸೆಟ್ಟನ್ನ 2019ರಲ್ಲಿ ಹೊರದೇಶದಿಂದ ತರಿಸಿದ್ದು. ಪುಸ್ತಕಕ್ಕೆ 21,400, ಸಾಗಣೆಗೆ 13,850, ಆಮೇಲೆ ಸುಂಕ ಅಂತ ಇನ್ನೂ 2,960. ಎರಡು ಪೆಟ್ಟಿಗೆಯಲ್ಲಿ ಒಂದು ಮಳೆಗೆ ನೆಂದು ಬಂತು. ಮೂರು ಸಂಪುಟದ ಹಾಳೆ ಅಂಟಿಕೊಂಡಿದ್ದವು. ಒಂದೊಂದೇ ಬಿಡಿಸಿ, ನಡುವೆ ಪೇಪರ್ ಇಟ್ಟು ಇಸ್ತ್ರಿ ಹಾಕಿದೆ, ಹನ್ನೊಂದು ದಿನ ಹಿಡೀತು. ಕೆಲವು ಕಡೆ ಅಕ್ಷರ ಎದುರು ಪುಟಕ್ಕೆ ಉಲ್ಟಾ ಅಚ್ಚಾಗಿ ಕೂತಿವೆ. ಇವತ್ತಿಗೂ ಪೂರ್ತಿ ಓದಿದ್ದು ಎರಡೇ. ಆದರೆ ನಾಲ್ಕನೇ ಭಾಗದ ಮೊದಲ ಸಂಪುಟವನ್ನ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲವಾದ ಲೆಂಟ್‌ನಲ್ಲಿ ಓದಿದೆ. ಯೇಸು ಹೇಳಿದ ಸಾಮತಿಯಲ್ಲಿ ತಪ್ಪಿಹೋದ ಮಗ ದೂರದೇಶಕ್ಕೆ ಹೋದನಲ್ಲ, ದೇವರ ಮಗನೂ ಅದೇ ದಾರಿ ಹಿಡಿದು ನಮ್ಮ ದೂರದೇಶಕ್ಕೆ ಬಂದ ಅಂತಾರೆ ಬಾರ್ತ್. ನನ್ನ ಮಗ ನನ್ನ ಹತ್ತಿರ ಮಾತು ಬಿಟ್ಟು ಆಗ ಆರು ವರ್ಷ. ಆ ಪುಟದ ಅಂಚಿನಲ್ಲಿ ಅವನ ಹೆಸರು ಬರೆದೆ. ಅಷ್ಟು ದುಡ್ಡಿಗೆ ಆ ಒಂದು ಪುಟ ಸಾಕು ನನಗೆ.

ಬೆಂಗಳೂರಿನ ಕಥೋಲಿಕಳು: ನಲವತ್ತು ಸಾವಿರ ಸುರಿದು ಎರಡು ಸಂಪುಟ ಓದೋದು ನನಗೆ ಅರ್ಥವಾಗಲ್ಲ. ಧರ್ಮಸಭೆಯೇ ವರ್ಷಕ್ಕೊಂದು ಶುಭಸಂದೇಶದಂತೆ ಮೂರು ವರ್ಷದ ಪಾಠ ಕಟ್ಟಿಕೊಟ್ಟಿದೆ: ಮತ್ತಾಯ, ಮಾರ್ಕ, ಲೂಕ, ಪಾಸ್ಕ (ಈಸ್ಟರ್) ಕಾಲಕ್ಕೆ ಯೊವಾನ್ನ. ಈ ಆಗಮನದಿಂದ ಮಾರ್ಕನ ವರ್ಷ. ನಾನು 2017ರಿಂದ ಅದನ್ನೇ ಓದ್ತಾ ಬಂದಿದ್ದೀನಿ, ಕ್ರಿಸ್ಮಸ್‌ಗೆ ಮಾತ್ರ ನಾಲ್ಕನೇ ಶತಮಾನದ ಬಿಷಪ್ ಅಥನಾಸಿಯಸ್‌ ಮನುಷ್ಯಾವತಾರದ ಬಗ್ಗೆ ಬರೆದ ಸಣ್ಣ ಪುಸ್ತಕ. ಎಂಟು ನೋಟ್‌ಬುಕ್ ತುಂಬಿವೆ. ಒಂದನ್ನ ಗೆದ್ದಲು ತಿಂತು, 2019ರದ್ದು, ಅಮ್ಮ ಆಸ್ಪತ್ರೆಯಲ್ಲಿದ್ದ ಇಡೀ ತಪಸ್ಸು ಕಾಲ (ನೀವು ಲೆಂಟ್ ಅನ್ನೋದು) ಅದರಲ್ಲಿತ್ತು. 2020ರಲ್ಲಿ ಚರ್ಚ್ ಬಾಗಿಲು ಮುಚ್ಚಿತ್ತು. ಏಪ್ರಿಲ್ 11, ಪವಿತ್ರ ಶನಿವಾರ, ಅಡುಗೆಮನೆಯಲ್ಲಿ ಒಂದು ಮೇಣದಬತ್ತಿ ಹಚ್ಚಿ ಆ ದಿನದ ಪ್ರಾಚೀನ ಪ್ರಬೋಧನೆ ಓದಿದೆ. ಕ್ರಿಸ್ತ ಪಾತಾಳಕ್ಕಿಳಿದು ಆದಾಮನ ಕೈ ಹಿಡಿದು ಎಬ್ಬಿಸ್ತಾನೆ. ಹೊರಗೆ ರಸ್ತೆಯಲ್ಲಿ ಒಂದು ಗಾಡಿಯ ಸದ್ದಿಲ್ಲ. ಅಮ್ಮ ಹೋಗಿ ಆಗ ಹತ್ತು ತಿಂಗಳು.

ಮೈಸೂರಿನ ವಿಶ್ವಾಸಿ: ಇದೆಲ್ಲ ಸತ್ಯವೇದದಲ್ಲಿ ಎಲ್ಲಿದೆ? ದಿನ, ತಿಂಗಳು, ಕಾಲ, ವರ್ಷ ಅಂತ ಆಚರಿಸ್ತೀರಿ, ನಿಮಗಾಗಿ ಪಟ್ಟ ಕಷ್ಟ ವ್ಯರ್ಥವಾಯಿತೋ ಏನೋ ಅಂತ ಪೌಲ ಹೆದರಿದ್ದು ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿದೆ. ಹತ್ತೊಂಬತ್ತು ವರ್ಷ ನಾನೂ ಅಂಥ ಸಭೆಯಲ್ಲೇ ಇದ್ದೆ. ನಮ್ಮಪ್ಪ ತೀರಿಕೊಂಡ ವಾರ ಅಲ್ಲಿ ಅಡ್ವೆಂಟ್‌ಗೆ ಬಲಿಪೀಠದ ಬಟ್ಟೆ ನೇರಳೆಯೋ ನೀಲಿಯೋ ಅಂತ ಜಗಳ. ಮನೆಗೆ ಒಬ್ಬರೂ ಬರಲಿಲ್ಲ. ಈಗಿನ ಸಭೆಯವರು ಮೂರು ರಾತ್ರಿ ನಮ್ಮ ಜೊತೆ ಕೂತರು.

ಧಾರವಾಡದ ನಿವೃತ್ತ: ನಿಮ್ಮ ದುಃಖ ದೊಡ್ಡದು, ಒಪ್ಪಿದೆ. ಆದರೆ ಗಲಾತ್ಯ ಓದೋರು ರೋಮಾ 14ನ್ನೂ ಓದಬೇಕು. ದಿನವನ್ನ ಗಣ್ಯ ಮಾಡೋನು ಕರ್ತನಿಗಾಗಿಯೇ ಮಾಡ್ತಾನೆ ಅಂತ ಬರೆದವನೂ ಅದೇ ಪೌಲ.

ಮೈಸೂರಿನ ವಿಶ್ವಾಸಿ: ನನಗೆ ವಚನ ಕಲಿಸಬೇಡಿ.

ಕೆಜಿಎಫ್‌ನಿಂದ: ನೀವು ಬಟ್ಟೆಯ ಬಣ್ಣಕ್ಕೆ ಜಗಳ ಆಡ್ತೀರಿ. ನಮ್ಮಜ್ಜನ ಕಾಲದಲ್ಲಿ ಪ್ರಭುಭೋಜನದ ಪಾತ್ರೆ ನಮ್ಮ ಕೇರಿಯವರಿಗೆ ಕೊನೆಗೆ ಬರ್ತಿತ್ತು. ನಾನು ಅಂಚೆ ಮೂಲಕ ದೈವಶಾಸ್ತ್ರ ಕಟ್ಟಿದೆ, ಮೂರು ವರ್ಷದ್ದು ಆರು ವರ್ಷ ಆಯ್ತು. ಗ್ರೀಕ್‌ನಲ್ಲಿ ಎರಡು ಸಲ ಫೇಲು, ಪ್ರತಿ ಸಲ ಮರುಪರೀಕ್ಷೆಗೆ 900, ಬಸ್ಸಿಗೆ 340, ಒಂದು ದಿನದ ಕೂಲಿ ಖೋತಾ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಕಲಿಸಿದ ಅರವಿಂದ ನಿರ್ಮಲ್ ಅವರ ದಲಿತ ದೈವಶಾಸ್ತ್ರದ ಲೇಖನ ಶುಭ ಶುಕ್ರವಾರದ ಹಿಂದಿನ ರಾತ್ರಿ ಓದಿದೆ. ನಮ್ಮ ಮೂಲಪಿತೃ ಅಲೆಮಾರಿ ಅರಾಮ್ಯ ಅನ್ನೋ ಇಸ್ರಾಯೇಲರ ಆ ಅರಿಕೆ, ಧರ್ಮೋಪದೇಶಕಾಂಡ 26ರದ್ದು, ನಮ್ಮದೇ ಅಂತಾರೆ ಅವರು. ಯೆಶಾಯ 53ರ ನೊಂದ ಸೇವಕನೂ ನಮ್ಮವನೇ. ಬೆಳಿಗ್ಗೆ ಚರ್ಚಿನಲ್ಲಿ ಶಿಲುಬೆ ನೋಡಿದಾಗ ನನಗೆ ಅಜ್ಜನ ಬೆನ್ನು ಕಂಡಿತು, ಗಣಿಯಲ್ಲಿ ಕಲ್ಲು ಬಿದ್ದು ಮುರಿದದ್ದು. ನಿಮ್ಮ ನಲವತ್ತು ದಿನದಲ್ಲಿ ಇದಕ್ಕೆ ಒಂದು ದಿನವಾದರೂ ಇದೆಯಾ?

ಬೆಂಗಳೂರಿನ ಕಥೋಲಿಕಳು: ಇದೆ. ಯೆಶಾಯ 53 ಶುಭ ಶುಕ್ರವಾರದ ಮೊದಲ ವಾಚನವೇ. ಕೇಳಿಸಿಕೊಳ್ಳೋರು ಕಮ್ಮಿ ಅನ್ನೋದು ನಿಜ. ಅಂದ ಹಾಗೆ ನಲವತ್ತನ್ನ ಎಲ್ಲರೂ ತಪ್ಪಾಗಿ ಎಣಿಸ್ತಾರೆ. ತಪಸ್ಸು ಕಾಲದ ಮೊದಲ ಭಾನುವಾರದಿಂದ ಪವಿತ್ರ ಗುರುವಾರಕ್ಕೆ ನಲವತ್ತು. 2027ರಲ್ಲಿ ಫೆಬ್ರವರಿ 14ರಿಂದ ಮಾರ್ಚ್ 25.

ಧಾರವಾಡದ ನಿವೃತ್ತ: ಭಾನುವಾರ ಪುನರುತ್ಥಾನದ ದಿನ, ಅದನ್ನ ಉಪವಾಸಕ್ಕೆ ಎಣಿಸೋ ಹಾಗಿಲ್ಲ! ಬೂದಿ ಬುಧವಾರ ಫೆಬ್ರವರಿ 10ರಿಂದ ಈಸ್ಟರ್ ಹಿಂದಿನ ಶನಿವಾರ ಮಾರ್ಚ್ 27ಕ್ಕೆ 46 ದಿನ, ಆರು ಭಾನುವಾರ ಕಳೀರಿ.

ಬೆಂಗಳೂರಿನ ಕಥೋಲಿಕಳು: ಕಾಲ ಬೇರೆ, ಉಪವಾಸ ಬೇರೆ. ನಾನು ಕಾಲದ ಲೆಕ್ಕ ಹೇಳಿದ್ದು.

ಶಿವಮೊಗ್ಗದ ನರ್ಸ್: ಕೆಜಿಎಫ್ ಅಣ್ಣ, ಆ ಲೇಖನ ಎಷ್ಟು ಪುಟ? ನೆರಳಚ್ಚು ಇದ್ದರೆ ಅಂಚೆ ಖರ್ಚು ನಾನು ಕೊಡ್ತೀನಿ. ನಾನಿರೋದು ಮೂಳೆ ವಾರ್ಡಿನಲ್ಲಿ.