ಒಂದೇ ಜೆಲ್, 9 ಎಂಎಂ ಅರಳಿತು, .380 ಅರಳಲಿಲ್ಲ. ಯಾಕೆ?

ಪ್ರಶ್ನೆ (ಡಲ್ಲಾಸ್‌ನಿಂದ):
ಪಿಸ್ತೂಲಿನ ಗುಂಡು ಎಷ್ಟು ಆಳ ಹೋಗುತ್ತದೆ, ಹೇಗೆ ಅರಳುತ್ತದೆ ಅಂತ ನೋಡಲು ಶನಿವಾರ ಶೂಟಿಂಗ್ ರೇಂಜಿಗೆ ಜೆಲಟಿನ್ ಬ್ಲಾಕ್ (ಮೈಮಾಂಸದ ಬದಲಿಗೆ ಬಳಸುವ ಜೆಲ್ ಗಟ್ಟಿ) ಒಯ್ದಿದ್ದೆ. ಪುಡಿ ತಂದು ಮನೆಯಲ್ಲೇ 10% ಅಳತೆಗೆ ಕಾಸಿದ್ದು. ಎರಡು ಬ್ಲಾಕ್ ಸಾಲಾಗಿಟ್ಟು, ಮುಂದೆ ನಾಲ್ಕು ಪದರ ಡೆನಿಮ್ ಕಟ್ಟಿ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿಯಿದ್ದು, ಹೊಕ್ಕಾಗ ಅರಳುವ ಗುಂಡು) ಹೊಡೆದೆ. 4 ಅಂಗುಲ ಬ್ಯಾರಲ್‌ನ (ನಳಿಗೆಯ) 9 ಎಂಎಂ 15 ಮಿ.ಮೀ.ಗೆ ಅರಳಿತು, ಆದರೆ 20 ಅಂಗುಲ ಒಳಹೊಕ್ಕಿತ್ತು. 3.3 ಅಂಗುಲ ಬ್ಯಾರಲ್‌ನ .45 (ಇದೂ .380ಯೂ ಗುಂಡಿನ ಅಳತೆಯ ಹೆಸರು) ಅರ್ಧಂಬರ್ಧ ಬಿಚ್ಚಿಕೊಂಡಿದೆ. 2.75 ಅಂಗುಲದ .380 ಮಾತ್ರ ಡಬ್ಬಿಯಿಂದ ತೆಗೆದ ಹಾಗೇ ಇದೆ. ಗುಂಡುಗಳೇ ಕೆಟ್ಟವಾ?

ಉತ್ತರ 1:
ಗುಂಡನ್ನು ಬೈಯುವ ಮೊದಲು ಜೆಲ್ ನೋಡಿ. ಜೆಲ್ ಸರಿಯಾದ ಗಟ್ಟಿಯಲ್ಲಿದೆಯೇ ಅಂತ ಬಿಬಿ (ಏರ್‌ಗನ್‌ನ ಸಣ್ಣ ಉಂಡೆ) ಹೊಡೆದು ಪರೀಕ್ಷಿಸಿದಿರಾ? ಸೆಕೆಂಡಿಗೆ 590 ಅಡಿ ವೇಗದ 4.5 ಮಿ.ಮೀ. ಉಕ್ಕಿನ ಬಿಬಿ ಸುಮಾರು 8.5 ಸೆಂ.ಮೀ. ಆಳದಲ್ಲಿ ನಿಲ್ಲಬೇಕು, ಒಂದು ಸೆಂ.ಮೀ. ಆಚೀಚೆ ಪರವಾಗಿಲ್ಲ. ಬ್ಲಾಕ್ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಟೆಕ್ಸಸ್ ಬಿಸಿಲಲ್ಲಿ ಮೇಜಿನ ಮೇಲಿಟ್ಟರೆ ಅದು ಮೆತ್ತಗಾಗಿ ಎಲ್ಲ ಗುಂಡೂ ಆಳಕ್ಕೆ ಇಳಿಯುತ್ತವೆ. ನಿಮ್ಮ 9 ಎಂಎಂನ 20 ಅಂಗುಲ ನೋಡಿದರೆ ನನಗೆ ಅದೇ ಅನುಮಾನ.

ಪ್ರಶ್ನೆ ಕೇಳಿದವರು:
ಇವತ್ತು ಹೊಡೆದೆ. ಬಿಬಿ 11 ಸೆಂ.ಮೀ. ಹೋಯಿತು! .380ಯ ಕುಳಿಯನ್ನು ಟಾರ್ಚ್ ಹಿಡಿದು ನೋಡಿದರೆ ಒಳಗೆ ನೀಲಿ ನೂಲು ಗಿಡಿದು ತುಂಬಿದೆ, ಸೂಜಿ ಹಾಕಿ ಕೆದಕಿದರೂ ಬರುತ್ತಿಲ್ಲ.

ಉತ್ತರ 2:
ಆ ನೀಲಿ ನೂಲೇ ಉತ್ತರ. ಕುಳಿಯೊಳಗೆ ನುಗ್ಗಿದ ಜೆಲ್ ಗೋಡೆಯನ್ನು ಹೊರಕ್ಕೆ ಒತ್ತಿದರೆ ತಾನೇ ಗುಂಡು ಅರಳುವುದು. ಬಟ್ಟೆ ಬಿರಡೆಯಂತೆ ಕೂತರೆ ಒತ್ತಡ ಹುಟ್ಟುವುದಿಲ್ಲ, ಗುಂಡು ಸಾದಾ ಗುಂಡಿನಂತೆ ಸೀದಾ ಹೋಗುತ್ತದೆ. 9 ಎಂಎಂಗೆ ಸಾಮಾನ್ಯವಾಗಿ ಹೆಚ್ಚು ವೇಗ ಇರುವುದರಿಂದ ಬಟ್ಟೆಯಿದ್ದರೂ ಬಾಯಿ ತೆರೆಯುತ್ತದೆ. ಗಿಡ್ಡ ಬ್ಯಾರಲ್‌ನ .380ಗೆ ಆ ಮಿಗುತಾಯ ಇಲ್ಲ. ಬಟ್ಟೆ ಇಲ್ಲದೆ ಅರಳಿದರೂ ಅದು ಬೇಗ ನಿಂತುಬಿಡುತ್ತದೆ. ಜೆಲ್‌ನಲ್ಲಿ ಗುಂಡು ಕನಿಷ್ಠ 12 ಅಂಗುಲ ಹೋಗಬೇಕು ಅಂತ ಎಫ್‌ಬಿಐ ಹಿಡಿದದ್ದು 1986ರ ಮಿಯಾಮಿ ಗುಂಡಿನ ಕಾಳಗದ ನಂತರ: ಅಲ್ಲಿ ಅರಳಿದ 9 ಎಂಎಂ ಗುಂಡೊಂದು ತೋಳು ದಾಟಿ ಎದೆ ಹೊಕ್ಕರೂ ಹೃದಯದ ಈಚೆಗೇ ನಿಂತಿತ್ತು.

.45ರ ಕಥೆ ಬೇರೆ. 230 ಗ್ರೇನ್ (ಸುಮಾರು 15 ಗ್ರಾಂ) ತೂಕದ ಗುಂಡು 5 ಅಂಗುಲ ಬ್ಯಾರಲ್‌ನಲ್ಲೇ ಸೆಕೆಂಡಿಗೆ 850 ಅಡಿ ಆಸುಪಾಸು; ನಿಮ್ಮದರಲ್ಲಿ ಇನ್ನೂ ಕಡಿಮೆ. ಕ್ಯಾಲಿಬರ್ (ಗುಂಡಿನ ದಪ್ಪ) ದೊಡ್ಡದು ಅಂದ ಮಾತ್ರಕ್ಕೆ ಚೆನ್ನಾಗಿ ಅರಳುತ್ತದೆ ಅನ್ನುವುದು ತಪ್ಪು. ಯಾವ ವೇಗಕ್ಕೆ ಗುಂಡು ಮಾಡಿದ್ದಾರೋ ಆ ವೇಗ ಸಿಗಬೇಕು. ಸ್ಪೀರ್ ಗೋಲ್ಡ್ ಡಾಟ್‌ನಲ್ಲಿ ಗಿಡ್ಡ ಬ್ಯಾರಲ್‌ಗೆಂದೇ ಮಾಡಿದ .45 ಇದೆ, ಅದನ್ನು ಹಾಕಿ ನೋಡಿ. .380ಗೆ ಹಾರ್ನಡಿ ಕ್ರಿಟಿಕಲ್ ಡಿಫೆನ್ಸ್ ಪ್ರಯತ್ನಿಸಿ, ಕುಳಿಗೆ ಬಟ್ಟೆ ತುಂಬದಂತೆ ತುದಿಯಲ್ಲಿ ಕೆಂಪು ಪಾಲಿಮರ್ ಇಟ್ಟಿದ್ದಾರೆ. ಬ್ಲಾಕ್ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು.

ಪ್ರಶ್ನೆ ಕೇಳಿದವರು:
ಹೊಸ ಬ್ಲಾಕನ್ನು ಐಸ್ ಪೆಟ್ಟಿಗೆಯಲ್ಲೇ ಒಯ್ದೆ, ಬಿಬಿ 8.7 ಸೆಂ.ಮೀ. 9 ಎಂಎಂ ಈಗ 15 ಅಂಗುಲ. ಗಿಡ್ಡ ಬ್ಯಾರಲ್‌ನ .45 ಪೂರ್ತಿ ಅರಳಿ 13ಕ್ಕೆ ನಿಂತಿತು. ಕೆಂಪು ತುದಿಯ .380 ಐದರಲ್ಲಿ ನಾಲ್ಕು ಬಿಚ್ಚಿಕೊಂಡವು, ಆದರೆ ಒಂದೇ ಒಂದು 12 ಅಂಗುಲ ಮುಟ್ಟಿತು.