ಸಹಾಯ ಬೇಕು: ಬೇಕಲದ ಕಡಲಬಂಡೆಗಳಲ್ಲಿ ಹದ್ದು ನೋಡಲು

ನಮಸ್ಕಾರ. ನಾವು ಕುಂಬಳೆಯವರು. ಡಿಸೆಂಬರಿನ ಒಂದು ಭಾನುವಾರ ನಾನೂ ಅಣ್ಣನ ಮಗಳೂ ಬೇಕಲ ಕೋಟೆ ಕಡೆ ಬೇಟೆಹಕ್ಕಿ ನೋಡಲು ಹೊರಟಿದ್ದೇವೆ. ಹೋದ ವರ್ಷ ಮಧ್ಯಾಹ್ನ ಮೂರಕ್ಕೆ ಹೋಗಿ ಕೆಟ್ಟೆವು. ಸೂರ್ಯ ಕಡಲ ಮೇಲೆ, ಹಕ್ಕಿಗಳೆಲ್ಲ ಬರೀ ಕಪ್ಪು ನೆರಳು! ಈ ಸಲ ಬೆಳಿಗ್ಗೆಯೇ, ಬಿಸಿಲು ಬೆನ್ನಿಗಿರುವಾಗ.

ಗರುಡ ಸುಲಭ: ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ. ಆದರೆ ಎಳೆ ಗರುಡ ಪೂರ್ತಿ ಕಂದು, ಹದ್ದಿನ ಹಾಗೇ ಕಾಣುತ್ತದೆ. ಬಾಲ ನೋಡಿ ಅಂತಾರೆ, ಗರುಡನದ್ದು ದುಂಡು, ಹದ್ದಿನದ್ದು ಕವಲು. ಹದ್ದು ಬಾಲ ಅಗಲಿಸಿದರೆ ಕವಲೇ ಕಾಣಲ್ಲ ಅಲ್ವಾ? ಆಗ ಏನು ನೋಡಬೇಕು?

ಮಗಳಿಗೆ ಬೇಕಿರುವುದು ಬಿಳಿ ಹೊಟ್ಟೆಯ ಕಡಲ ಹದ್ದು. ರೆಕ್ಕೆಯನ್ನು ಮೇಲಕ್ಕೆತ್ತಿ ತೇಲುತ್ತದಲ್ಲ, ಅದು. ನನಗೆ ಚಳಿಗಾಲಕ್ಕೆ ಬರುವ ಆಸ್‌ಪ್ರೇ, ಅಂದರೆ ಮೀನು ಹಿಡಿಯುವ ಬೇಟೆಹಕ್ಕಿ. ಕಾಲು ಮುಂದೆ ಮಾಡಿ ನೀರಿಗೆ ಬೀಳುವುದನ್ನು ಒಮ್ಮೆ ನೋಡಬೇಕು. ಇದಕ್ಕೆ ಕೋಟೆಯ ಬಂಡೆ ವಾಸಿಯೋ, ಚಂದ್ರಗಿರಿ ಹೊಳೆ ಕಡಲು ಸೇರುವ ಜಾಗವೋ? ಎರಡನ್ನೂ ಒಂದೇ ದಿನ ಬಸ್ಸಲ್ಲಿ ಮುಗಿಸಬಹುದಾ?

ಗೂಡಿನ ಜಾಗ ಮಾತ್ರ ಇಲ್ಲಿ ಬರೆಯಬೇಡಿ. ಸುಮ್ನೆ ಜನ ಜಾಸ್ತಿಯಾಗುತ್ತಾರೆ.